ರೈಲ್ಸ್ ಅಪ್‌ಗ್ರೇಡ್ ಆದಮೇಲೆ ಜೆಎಸ್ ಟೆಸ್ಟ್ ಕೆಂಪಾದರೆ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ರೂಬಿ ಆನ್ ರೈಲ್ಸ್‌ನಲ್ಲಿ ಕಟ್ಟಿದ ಹಳೆಯ ಆ್ಯಪ್‌ನ ಆವೃತ್ತಿ ಏರಿಸಿದಾಗ ಎಚ್‌ಟಿಎಂಎಲ್ ಪುಟಗಳ ಟೆಸ್ಟ್‌ಗಳು ಬಹುಪಾಲು ಹಾಗೇ ಪಾಸಾಗುತ್ತವೆ. ಕೈ ಕೊಡುವುದು ಜಾವಾಸ್ಕ್ರಿಪ್ಟನ್ನೇ (ಜೆಎಸ್) ಉತ್ತರವಾಗಿ ಕಳಿಸುವ ಆ್ಯಕ್ಷನ್‌ಗಳ ಟೆಸ್ಟ್‌ಗಳು. ಕೆಲವು ಕೆಂಪಾಗುತ್ತವೆ, ಅಂದರೆ ಫೇಲಾಗುತ್ತವೆ. ಇನ್ನು ಕೆಲವು ಹಸಿರಾಗಿಯೇ ಇದ್ದು ಮೋಸ ಮಾಡುತ್ತವೆ, ಇವೇ ಹೆಚ್ಚು ಅಪಾಯ.

ವಿವರಣೆಗೆ ಒಂದು ಆ್ಯಪ್ ಇಟ್ಟುಕೊಳ್ಳೋಣ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಗಂಜ್‌ಗಳಲ್ಲಿ (ಕೃಷಿ ಮಾರುಕಟ್ಟೆಗಳಲ್ಲಿ) ಆ ದಿನದ ತೊಗರಿ ಧಾರಣೆ ಎಷ್ಟು ಎಂದು ತೋರಿಸುವ ಆ್ಯಪ್. ಮೇಲಿನ ಪಟ್ಟಿಯಲ್ಲಿ ಸೇಡಂ ಬಿಟ್ಟು ಚಿಂಚೋಳಿ ಆರಿಸಿದರೆ ಪುಟ ಪೂರ್ತಿ ಮರುಲೋಡ್ ಆಗುವುದಿಲ್ಲ, ಧಾರಣೆಯ ಕೋಷ್ಟಕ ಮಾತ್ರ ಬದಲಾಗುತ್ತದೆ. ಧಾರಣೆ ಕಂಟ್ರೋಲರ್‌ನ ಇಂಡೆಕ್ಸ್ ಆ್ಯಕ್ಷನ್ ಇದಕ್ಕೆ ಇಂಡೆಕ್ಸ್ ಡಾಟ್ ಜೆಎಸ್ ಡಾಟ್ ಇಆರ್‌ಬಿ ಎಂಬ ಟೆಂಪ್ಲೇಟಿನಿಂದ ಉತ್ತರ ಕೊಡುತ್ತದೆ. (ಕೋಡ್‌ನ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.)

ಮುಂದಿನ ಎಲ್ಲ ಪರೀಕ್ಷೆಗಳೂ ಮೂರು ಹೆಡರ್‌ಗಳ (ರಿಕ್ವೆಸ್ಟ್ ಮತ್ತು ಉತ್ತರದ ಜೊತೆ ಹೋಗುವ ಮಾಹಿತಿ ಸಾಲುಗಳ) ಸುತ್ತಲೇ ತಿರುಗುತ್ತವೆ. ಮೊದಲನೆಯದು ಬ್ರೌಸರ್ ಕಳಿಸುವ ಎಕ್ಸ್-ರಿಕ್ವೆಸ್ಟೆಡ್-ವಿತ್. ಇದರಲ್ಲಿ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂದಿದ್ದರೆ ಮಾತ್ರ ರೈಲ್ಸ್ ಆ ರಿಕ್ವೆಸ್ಟನ್ನು ಎಕ್ಸ್‌ಎಚ್‌ಆರ್ (ಪುಟ ಮರುಲೋಡ್ ಆಗದೆ ಜಾವಾಸ್ಕ್ರಿಪ್ಟ್ ಕಳಿಸುವ ರಿಕ್ವೆಸ್ಟ್) ಎಂದು ಒಪ್ಪುತ್ತದೆ. ಎರಡನೆಯದು ಅಕ್ಸೆಪ್ಟ್, ಬ್ರೌಸರ್‌ಗೆ ಯಾವ ಬಗೆಯ ಉತ್ತರ ಬೇಕು ಎಂಬುದು. ಮೂರನೆಯದು ಸರ್ವರ್ ವಾಪಸು ಕಳಿಸುವ ಕಂಟೆಂಟ್-ಟೈಪ್. ಟೆಸ್ಟ್ ಬಿದ್ದ ಕೂಡಲೇ ಕಂಟ್ರೋಲರ್ ತಿದ್ದಲು ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ನಿಜವಾದ ಬ್ರೌಸರ್ ಈ ಮೂರರಲ್ಲಿ ಏನು ಕಳಿಸುತ್ತಿದೆ, ಟೆಸ್ಟ್ ಏನು ಕಳಿಸುತ್ತಿದೆ ಎಂದು ಮೊದಲು ಹೋಲಿಸಿ.

ಯಾವ ಲಕ್ಷಣವಿದ್ದರೂ ಮೊದಲ ಐದು ನಿಮಿಷ

ಬಂಡಲ್ ಇನ್ಫೋ ರೈಲ್ಸ್ ಎಂದು ಕೊಟ್ಟು ನಿಜಕ್ಕೂ ಓಡುತ್ತಿರುವ ಆವೃತ್ತಿ ನೋಡಿ. ಜೆಮ್‌ಫೈಲ್‌ನಲ್ಲಿ ಒಂದು, ಜೆಮ್‌ಫೈಲ್ ಡಾಟ್ ಲಾಕ್‌ನಲ್ಲಿ ಇನ್ನೊಂದು ಇರುವುದುಂಟು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಬಂಡಲ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿದ್ದರೆ, ಅಥವಾ ನಡುವೆ ಕರೆಂಟ್ ಹೋಗಿದ್ದರೆ, ಅದನ್ನು ಇನ್ನೊಮ್ಮೆ ಪೂರ್ತಿ ಓಡಿಸಿ.

ಸ್ಪ್ರಿಂಗ್ ಬಳಸುತ್ತಿದ್ದರೆ ಬಿನ್/ಸ್ಪ್ರಿಂಗ್ ಸ್ಟಾಪ್ ಕೊಡಿ. ಹಿನ್ನೆಲೆಯಲ್ಲಿ ಕೂತ ಸ್ಪ್ರಿಂಗ್ ಹಳೆಯ ರೈಲ್ಸನ್ನೇ ಹಿಡಿದಿಟ್ಟುಕೊಂಡಿರಬಹುದು. ಆ್ಯಪ್ ಬೇಗ ಏಳಲು ಕ್ಯಾಶ್ ಮಾಡುವ ಬೂಟ್‌ಸ್ನ್ಯಾಪ್ ಇದ್ದರೆ ಟಿಎಂಪಿ/ಕ್ಯಾಶ್ ಫೋಲ್ಡರ್ ಅಳಿಸಿ. ಆಮೇಲೆ ಬಿದ್ದ ಟೆಸ್ಟ್‌ಗಳಲ್ಲಿ ಒಂದನ್ನೇ, ಸಾಲಿನ ಸಂಖ್ಯೆ ಕೊಟ್ಟು ಓಡಿಸಿ. ಇನ್ನೂರು ದೋಷ ಒಟ್ಟಿಗೆ ಕಂಡರೆ ಗಾಬರಿಯಾಗುತ್ತದೆ. ಬಹಳ ಸಲ ಅವುಗಳ ಹಿಂದಿರುವುದು ಎರಡು ಮೂರು ಕಾರಣ ಅಷ್ಟೇ.

ಲಾಗ್ ಟೆಸ್ಟ್ ಡಾಟ್ ಲಾಗ್ ಕಡತವನ್ನು ಖಾಲಿ ಮಾಡಿ, ಆ ಒಂದೇ ಟೆಸ್ಟ್ ಓಡಿಸಿ, ಲಾಗ್ ಮೇಲಿನಿಂದ ಕೆಳಗೆ ಓದಿ. "ಪ್ರೊಸೆಸಿಂಗ್ ಬೈ" ಸಾಲಿನ ಕೊನೆಯಲ್ಲಿ "ಆ್ಯಸ್ ಜೆಎಸ್" ಎಂದಿದೆಯೋ "ಆ್ಯಸ್ ಎಚ್‌ಟಿಎಂಎಲ್" ಎಂದಿದೆಯೋ ಗಮನಿಸಿ. ಅರ್ಧ ರೋಗ ಈ ಸಾಲಿನಲ್ಲೇ ಗೊತ್ತಾಗುತ್ತದೆ.

ಲಕ್ಷಣ: "ಎಕ್ಸ್‌ಎಚ್‌ಆರ್ ಎಂಬ ಮೆಥಡ್ ಇಲ್ಲ" ಅಥವಾ "ಆರ್ಗ್ಯುಮೆಂಟ್ ಲೆಕ್ಕ ತಪ್ಪು"

ಇದು ದೋಷವೇ ಅಲ್ಲ, ಬರೆಯುವ ರೀತಿ ಬದಲಾಗಿದೆ. ರೈಲ್ಸ್ 4ರವರೆಗೆ ಎಕ್ಸ್‌ಎಚ್‌ಆರ್ ಎಂಬ ಮೆಥಡ್‌ಗೆ ಗೆಟ್, ಆ್ಯಕ್ಷನ್ ಹೆಸರು, ಪ್ಯಾರಾಮ್‌ಗಳನ್ನು ಸಾಲಾಗಿ ಕೊಡುತ್ತಿದ್ದೆವು. 5.0ರಲ್ಲಿ ಅದು ಹಳತಾಯಿತೆಂದು ಎಚ್ಚರಿಕೆ ಬಂತು, 5.1ರಲ್ಲಿ ತೆಗೆದೇ ಹಾಕಿದರು. ಈಗ ಎಲ್ಲವೂ ಹೆಸರು ಹಿಡಿದೇ ಹೋಗಬೇಕು: ಗೆಟ್‌ಗೆ ಆ್ಯಕ್ಷನ್ ಹೆಸರು, ಆಮೇಲೆ ಪ್ಯಾರಾಮ್ಸ್ ಎಂಬ ಕೀಲಿಯಲ್ಲಿ ತಾಲ್ಲೂಕು, ಫಾರ್ಮ್ಯಾಟ್ ಎಂಬ ಕೀಲಿಯಲ್ಲಿ ಜೆಎಸ್, ಎಕ್ಸ್‌ಎಚ್‌ಆರ್ ಎಂಬ ಕೀಲಿಯಲ್ಲಿ ಟ್ರೂ.

ಸಾಲಾಗಿ ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಹೊಸ ರೀತಿಗೆ ತಿರುಗಿಸಲು, ಕೋಡ್‌ನ ಶೈಲಿ ನೋಡುವ ರೂಬೋಕಾಪ್ ರೈಲ್ಸ್‌ನಲ್ಲಿ ಎಚ್‌ಟಿಟಿಪಿ ಪೊಸಿಷನಲ್ ಆರ್ಗ್ಯುಮೆಂಟ್ಸ್ ಎಂಬ ನಿಯಮವಿದೆ, ಅದೇ ತಿದ್ದಿಕೊಡುತ್ತದೆ. ಎಕ್ಸ್‌ಎಚ್‌ಆರ್ ಸಾಲುಗಳನ್ನು ಕೈಯಾರೆ ತಿದ್ದುವುದೇ ವಾಸಿ, ಪ್ರತಿಯೊಂದನ್ನೂ ಹೇಗೂ ಒಮ್ಮೆ ಓದಲೇಬೇಕು.

ಇಲ್ಲೊಂದು ಕಾಲು ಜಾರುವ ಜಾಗವಿದೆ. ಕಂಟ್ರೋಲರ್ ಟೆಸ್ಟ್‌ನಲ್ಲಿ ಫಾರ್ಮ್ಯಾಟ್ ಎಂಬ ಕೀಲಿ ನಡೆಯುತ್ತದೆ. ಇಂಟಿಗ್ರೇಷನ್ ಟೆಸ್ಟ್‌ನಲ್ಲಿ ನಡೆಯುವುದಿಲ್ಲ, "ಫಾರ್ಮ್ಯಾಟ್ ಎಂಬ ಕೀವರ್ಡ್ ಗೊತ್ತಿಲ್ಲ" ಎಂದು ಬೀಳುತ್ತದೆ. ಅಲ್ಲಿ ಫಾರ್ಮ್ಯಾಟನ್ನು ಪಾತ್ ಮೆಥಡ್‌ನ ಒಳಗೆ ಕೊಡಬೇಕು. ಆಗ ವಿಳಾಸದ ಕೊನೆಯಲ್ಲಿ ಡಾಟ್ ಜೆಎಸ್ ಸೇರಿಕೊಳ್ಳುತ್ತದೆ.

ಲಕ್ಷಣ: ಅಸೈನ್ಸ್, ಅಸರ್ಟ್ ಟೆಂಪ್ಲೇಟ್ ಎರಡೂ ಕಾಣೆ

5.0ರಿಂದ ಇವು ರೈಲ್ಸ್‌ನ ಒಳಗಿಲ್ಲ, ರೈಲ್ಸ್-ಕಂಟ್ರೋಲರ್-ಟೆಸ್ಟಿಂಗ್ ಎಂಬ ಜೆಮ್‌ಗೆ (ಬೇರೆಯಾಗಿ ಸೇರಿಸುವ ರೂಬಿ ಲೈಬ್ರರಿಗೆ) ಹೋಗಿವೆ. ಅಪ್‌ಗ್ರೇಡ್ ಮುಗಿಯುವವರೆಗೆ ಆ ಜೆಮ್ಮನ್ನು ಟೆಸ್ಟ್ ಗುಂಪಿನಲ್ಲಿ ಹಾಕಿಕೊಳ್ಳಿ. ಒಂದೇ ಸಲಕ್ಕೆ ಆವೃತ್ತಿಯನ್ನೂ ಟೆಸ್ಟ್‌ನ ಶೈಲಿಯನ್ನೂ ಬದಲಿಸಿದರೆ, ಬಿದ್ದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ರೆಸ್ಪಾಂಡ್ ವಿತ್ ಕಾಣೆಯಾಗಿದ್ದರೂ ಇದೇ ಕಥೆ. ಅದು 4.2ರಲ್ಲೇ ರೆಸ್ಪಾಂಡರ್ಸ್ ಜೆಮ್‌ಗೆ ಹೋಯಿತು.

ಲಕ್ಷಣ: ಕಂಟೆಂಟ್ ಟೈಪ್ ಹೋಲಿಕೆ ತಪ್ಪುತ್ತದೆ

ಟೆಸ್ಟ್ ಬಯಸಿದ್ದು "ಟೆಕ್ಸ್ಟ್/ಜಾವಾಸ್ಕ್ರಿಪ್ಟ್", ಬಂದದ್ದು ಅದರ ಜೊತೆಗೆ "ಕ್ಯಾರ್‌ಸೆಟ್=ಯುಟಿಎಫ್-8". 6.0ರ ಹೊಸ ಡೀಫಾಲ್ಟ್‌ಗಳಲ್ಲಿ ರೆಸ್ಪಾನ್ಸ್‌ನ ಕಂಟೆಂಟ್ ಟೈಪ್ ಮೆಥಡ್ ಇಡೀ ಹೆಡರನ್ನೇ ಕೊಡುತ್ತದೆ. ಬಗೆ ಮಾತ್ರ ಬೇಕಿದ್ದರೆ ಮೀಡಿಯಾ ಟೈಪ್ ಮೆಥಡ್ ಬಳಸಿ. ಆ್ಯಪ್‌ನಲ್ಲಿ ಏನೂ ಕೆಟ್ಟಿಲ್ಲ. ಬಂದದ್ದು "ಟೆಕ್ಸ್ಟ್/ಎಚ್‌ಟಿಎಂಎಲ್" ಆಗಿದ್ದರೆ ಮಾತ್ರ ಇದು ಬೇರೆ ರೋಗ. ಬಹುಶಃ ಲಾಗಿನ್ ಪುಟ ಬಂದಿದೆ, ಇಲ್ಲವೇ ರೆಸ್ಪಾಂಡ್ ಟು ಬ್ಲಾಕ್ ಎಚ್‌ಟಿಎಂಎಲ್ ಕವಲಿಗೆ ಹೋಗಿದೆ.

ಲಕ್ಷಣ: "ಬೇರೆ ಸೈಟಿನ ಸ್ಕ್ರಿಪ್ಟ್ ಟ್ಯಾಗ್ ರಕ್ಷಿತ ಜಾವಾಸ್ಕ್ರಿಪ್ಟ್ ಕೇಳಿದೆ" ಎಂಬ ಭದ್ರತಾ ಎಚ್ಚರಿಕೆ

ದೋಷದ ಹೆಸರು ಇನ್‌ವ್ಯಾಲಿಡ್‌ಕ್ರಾಸ್‌ಒರಿಜಿನ್‌ರಿಕ್ವೆಸ್ಟ್. ರೈಲ್ಸ್ 4.0ರಿಂದ 4.1ಕ್ಕೆ ಬಂದವರಿಗೆ ಒಮ್ಮೆಲೇ ಹತ್ತಾರು ಟೆಸ್ಟ್‌ಗಳಲ್ಲಿ ಕಾಣುತ್ತದೆ. 5.2ಕ್ಕೆ ಬಂದವರಿಗೂ ಕಾಣಬಹುದು: 5.2ರ ಡೀಫಾಲ್ಟ್‌ಗಳನ್ನು ಒಪ್ಪಿಕೊಂಡರೆ ಪ್ರೊಟೆಕ್ಟ್ ಫ್ರಮ್ ಫೋರ್ಜರಿ (ಬೇರೆ ಸೈಟಿನ ನಕಲಿ ರಿಕ್ವೆಸ್ಟ್ ತಡೆಯುವ ರಕ್ಷಣೆ) ಎಂದು ಬರೆಯದ ಕಂಟ್ರೋಲರ್‌ಗಳಿಗೂ ಆ ರಕ್ಷಣೆ ತಾನಾಗಿ ಬರುತ್ತದೆ.

ಕಾರಣ ತಿಳಿದುಕೊಂಡರೆ ಮದ್ದು ಸುಲಭ. ಸ್ಕ್ರಿಪ್ಟ್ ಟ್ಯಾಗ್‌ಗೆ ಸೈಟಿನ ಗಡಿ ಇಲ್ಲ, ಯಾವ ಸೈಟಿನ ಪುಟವಾದರೂ ನಿಮ್ಮ ಜೆಎಸ್ ವಿಳಾಸವನ್ನು ಅದರಲ್ಲಿ ಹಾಕಬಹುದು. ಅಡತಿ ವ್ಯಾಪಾರಿಯೊಬ್ಬರು ನಿಮ್ಮ ಆ್ಯಪ್‌ಗೆ ಲಾಗಿನ್ ಆಗಿದ್ದಾಗಲೇ ಇನ್ನೊಂದು ಟ್ಯಾಬ್‌ನಲ್ಲಿ ದುರುದ್ದೇಶದ ಪುಟ ತೆರೆದರೆ, ಅವರ ಕುಕಿಯೊಂದಿಗೇ ರಿಕ್ವೆಸ್ಟ್ ಹೋಗಿ, ಅವರ ಲೆಕ್ಕದ ವಿವರವಿರುವ ಜೆಎಸ್ ಆ ಪುಟದಲ್ಲಿ ಓಡುವ ಸಾಧ್ಯತೆಯಿತ್ತು. ಅದನ್ನು ತಡೆಯಲು 4.1ರಿಂದ ಹೊಸ ಕಾವಲು ಬಂತು: ಗೆಟ್ ರಿಕ್ವೆಸ್ಟ್‌ಗೆ ಹೋಗುವ ಉತ್ತರ ಜಾವಾಸ್ಕ್ರಿಪ್ಟ್ ಆಗಿದ್ದು, ರಿಕ್ವೆಸ್ಟ್ ಎಕ್ಸ್‌ಎಚ್‌ಆರ್ ಅಲ್ಲದಿದ್ದರೆ ರೈಲ್ಸ್ ಉತ್ತರವನ್ನು ತಡೆಹಿಡಿಯುತ್ತದೆ. ಸ್ಕ್ರಿಪ್ಟ್ ಟ್ಯಾಗ್ ತನ್ನ ರಿಕ್ವೆಸ್ಟ್‌ಗೆ ಎಕ್ಸ್-ರಿಕ್ವೆಸ್ಟೆಡ್-ವಿತ್ ಹೆಡರ್ ಸೇರಿಸಲಾರದು. ಕಾವಲು ನಿಂತಿರುವುದು ಆ ಒಂದೇ ಕಂಬದ ಮೇಲೆ. ಸ್ಕ್ರಿಪ್ಟ್ ಟ್ಯಾಗ್ ಮಾಡುವುದು ಗೆಟ್ ಮಾತ್ರ, ಹಾಗಾಗಿ ಪೋಸ್ಟ್ ಟೆಸ್ಟ್‌ಗಳಲ್ಲಿ ಈ ದೋಷ ಬರುವುದಿಲ್ಲ.

"ಟೆಸ್ಟ್ ಪರಿಸರದಲ್ಲಿ ಅಲೌ ಫೋರ್ಜರಿ ಪ್ರೊಟೆಕ್ಷನ್ ಫಾಲ್ಸ್ ಎಂದಿದೆಯಲ್ಲ, ಮತ್ತೇಕೆ ಬೀಳುತ್ತದೆ?" ಎಂಬ ಪ್ರಶ್ನೆ ಏಳುತ್ತದೆ. ಆ ಸೆಟ್ಟಿಂಗ್ ನೋಡಿಕೊಳ್ಳುವುದು ಟೋಕನ್ ತಪಾಸಣೆಯನ್ನು, ಅಂದರೆ ಫಾರ್ಮ್ ನಮ್ಮ ಪುಟದಿಂದಲೇ ಬಂತೇ ಎಂದು ಗುಪ್ತ ಸಂಕೇತದಿಂದ ನೋಡುವುದನ್ನು. ಜೆಎಸ್ ಉತ್ತರದ ಈ ತಪಾಸಣೆ ಆ್ಯಕ್ಷನ್ ಮುಗಿದ ಮೇಲೆ ಬೇರೆಯಾಗಿಯೇ ನಡೆಯುತ್ತದೆ, ಆ ಸೆಟ್ಟಿಂಗ್‌ನಿಂದ ಅದು ನಿಲ್ಲುವುದಿಲ್ಲ.

ಮಾಡಬೇಕಾದ್ದು ಇಷ್ಟು. ಡೆವಲಪ್‌ಮೆಂಟ್‌ನಲ್ಲಿ ಆ್ಯಪ್ ತೆರೆದು, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು, ತಾಲ್ಲೂಕು ಬದಲಿಸಿ. ಹೊರಟ ರಿಕ್ವೆಸ್ಟ್‌ನಲ್ಲಿ ಎಕ್ಸ್-ರಿಕ್ವೆಸ್ಟೆಡ್-ವಿತ್ ಇದೆಯೇ ನೋಡಿ.

ಇದ್ದರೆ, ಆ್ಯಪ್ ಸರಿ, ಟೆಸ್ಟ್ ಹಳತು. ಟೆಸ್ಟ್‌ಗೆ ಎಕ್ಸ್‌ಎಚ್‌ಆರ್ ಟ್ರೂ ಸೇರಿಸಿ, ಮುಗಿಯಿತು.

ಇಲ್ಲದಿದ್ದರೆ, ಟೆಸ್ಟ್ ಹೇಳುತ್ತಿರುವುದೇ ನಿಜ. ಜೆಕ್ವೆರಿ ತೆಗೆದು ಬ್ರೌಸರ್‌ನದೇ ಆದ ಫೆಚ್‌ಗೆ ಬದಲಿಸಿದ ಕಡೆಗಳಲ್ಲಿ ಇದು ಸಾಮಾನ್ಯ. ಜೆಕ್ವೆರಿಯೂ ರೈಲ್ಸ್‌ನದೇ ಜೆಎಸ್ ಲೈಬ್ರರಿಯಾದ ರೈಲ್ಸ್-ಯುಜೆಎಸ್ಸೂ ಅದೇ ಸೈಟಿನ ರಿಕ್ವೆಸ್ಟ್‌ಗಳಿಗೆ ಆ ಹೆಡರನ್ನು ತಾವೇ ಹಚ್ಚುತ್ತವೆ. ಫೆಚ್ ಹಚ್ಚುವುದಿಲ್ಲ, ನೀವೇ ಬರೆಯಬೇಕು. ಇಂಥ ಕಡೆ ಟೆಸ್ಟ್‌ಗೆ ಎಕ್ಸ್‌ಎಚ್‌ಆರ್ ಟ್ರೂ ಹಾಕಿ ಹಸಿರು ಮಾಡಿದರೆ, ಲೈವ್‌ಗೆ ಹೋದಮೇಲೆ ಚಿಂಚೋಳಿ ಆರಿಸಿದವರಿಗೆಲ್ಲ 422 ದೋಷ ಬರುತ್ತದೆ. ಎಕ್ಸ್‌ಎಚ್‌ಆರ್ ಟ್ರೂ ಎಂದು ಬರೆಯುವುದೆಂದರೆ "ನಮ್ಮ ಬ್ರೌಸರ್ ಕೋಡ್ ಈ ಹೆಡರ್ ಕಳಿಸುತ್ತದೆ" ಎಂದು ಮಾತು ಕೊಟ್ಟಂತೆ. ಆ ಮಾತು ನಿಜವೇ ಎಂದು ನೋಡಿಯೇ ಬರೆಯಿರಿ.

ಅಪಾಯ: ಈ ದೋಷಕ್ಕೆ ಬೇಗ ಸಿಗುವ "ಪರಿಹಾರ" ಸ್ಕಿಪ್ ಫೋರ್ಜರಿ ಪ್ರೊಟೆಕ್ಷನ್. ಅದನ್ನು ಅಪ್ಲಿಕೇಷನ್ ಕಂಟ್ರೋಲರ್‌ನಲ್ಲಿ ಹಾಕಿದರೆ ಜೆಎಸ್ ಕಾವಲಷ್ಟೇ ಅಲ್ಲ, ಪೋಸ್ಟ್, ಪ್ಯಾಚ್, ಡಿಲೀಟ್‌ಗಳ ಟೋಕನ್ ತಪಾಸಣೆಯೂ ಹೋಗುತ್ತದೆ. ಬೇರೆ ಸೈಟ್‌ಗಳು ತಮ್ಮ ಪುಟದಲ್ಲಿ ಹಾಕಿಕೊಳ್ಳಲೆಂದೇ ಕೊಟ್ಟ ವಿಜೆಟ್ ಆಗಿದ್ದು, ಅದರಲ್ಲಿ ಲಾಗಿನ್ ಆದವರ ಯಾವ ವಿವರವೂ ಇಲ್ಲದಿದ್ದರೆ, ಆ ಒಂದೇ ಆ್ಯಕ್ಷನ್‌ಗೆ ಮಾತ್ರ ವಿನಾಯಿತಿ ಕೊಡಿ. ಆವತ್ತಿನ ಧಾರಣೆಯ ಸಾರ್ವಜನಿಕ ಪಟ್ಟಿಗೆ ಕೊಡಬಹುದು. ಅಡತಿ ಅಂಗಡಿಯ ಬಾಕಿ ಪಟ್ಟಿಗೆ ಸಲ್ಲದು.

ಲೈವ್ ಲಾಗ್‌ನಲ್ಲಿ ಮಾತ್ರ ಈ ದೋಷ ಆಗಾಗ ಕಂಡು, ಬಳಕೆದಾರರಿಂದ ದೂರೇನೂ ಇಲ್ಲದಿದ್ದರೆ, ಹುಡುಕು ಯಂತ್ರಗಳ ಬಾಟ್‌ಗಳು ಡಾಟ್ ಜೆಎಸ್ ಕೊಂಡಿಗಳನ್ನು ನೇರ ತೆರೆಯುತ್ತಿರಬಹುದು. ಕೊಂಡಿಯನ್ನು ಹೊಸ ಟ್ಯಾಬ್‌ನಲ್ಲಿ ತೆರೆದವರಿಗೂ ಇದೇ ಆಗುತ್ತದೆ. ಕೊಂಡಿಯ ವಿಳಾಸದಿಂದ ಡಾಟ್ ಜೆಎಸ್ ತೆಗೆದು, ಅದೇ ಆ್ಯಕ್ಷನ್‌ಗೆ ಎಚ್‌ಟಿಎಂಎಲ್ ಉತ್ತರವನ್ನೂ ಕೊಟ್ಟರೆ ನಿಲ್ಲುತ್ತದೆ.

7.1ಕ್ಕೆ ಬಂದವರಿಗೆ ಒಂದು ಕಿವಿಮಾತು. ಹೊಸದಾಗಿ ಬರುವ ಟೆಸ್ಟ್ ಸೆಟ್ಟಿಂಗ್‌ನಲ್ಲಿ ಶೋ ಎಕ್ಸೆಪ್ಷನ್ಸ್ ಎಂಬುದು ರೆಸ್ಕ್ಯೂಎಬಲ್ ಎಂದಿರುತ್ತದೆ. ಇಂಟಿಗ್ರೇಷನ್ ಟೆಸ್ಟ್‌ನಲ್ಲಿ "ಈ ದೋಷ ಏಳಬೇಕು" ಎಂದು ಬರೆದಿದ್ದರೆ ಅದು ಏಳುವುದೇ ಇಲ್ಲ, ಬದಲಿಗೆ 422 ಉತ್ತರ ಬರುತ್ತದೆ. ಅಲ್ಲಿ ಸ್ಥಿತಿ ಸಂಖ್ಯೆಯನ್ನೇ ಪರೀಕ್ಷಿಸಿ.

ಲಕ್ಷಣ: ಉತ್ತರ ಬಂದಿದೆ, ಆದರೆ ಒಳಗಿನ ಪಠ್ಯ ಹೊಂದುತ್ತಿಲ್ಲ

ಜೆಎಸ್ ಟೆಂಪ್ಲೇಟಿನಲ್ಲಿ ಎಚ್‌ಟಿಎಂಎಲ್ ತುಣುಕನ್ನು ಎಸ್ಕೇಪ್ ಜಾವಾಸ್ಕ್ರಿಪ್ಟ್, ಅಂದರೆ ಚಿಕ್ಕದಾಗಿ ಜೆ, ಮೂಲಕ ಹಾಯಿಸುತ್ತೇವೆ. ಅದು ಉದ್ಧರಣ ಚಿಹ್ನೆಗಳ ಹಿಂದೆ ಹಿಮ್ಮುಖ ಓರೆಗೆರೆ ಹಾಕುತ್ತದೆ, ಮುಚ್ಚುವ ಟ್ಯಾಗ್‌ನ ಓರೆಗೆರೆಯ ಹಿಂದೆಯೂ ಒಂದು ಹಿಮ್ಮುಖ ಓರೆಗೆರೆ ಸೇರಿಸುತ್ತದೆ, ಹೊಸ ಸಾಲನ್ನು ಎರಡು ಅಕ್ಷರವಾಗಿ ಬರೆಯುತ್ತದೆ. ಹಾಗಾಗಿ ರೆಸ್ಪಾನ್ಸ್ ಬಾಡಿಯಲ್ಲಿ ಇಡೀ ಟ್ಯಾಗ್ ಹುಡುಕುವ ಟೆಸ್ಟ್ ಎಂದಿಗೂ ಗಟ್ಟಿಯಲ್ಲ. "7,450" ಎಂಬ ಧಾರಣೆಯನ್ನೋ ಸಾಲಿನ ಐಡಿಯನ್ನೋ ಹುಡುಕಿದರೆ ಸಾಕು.

ಚಿಕ್ಕ ಆವೃತ್ತಿ ಬದಲಾದಾಗಲೂ ಇದು ಬೀಳಬಹುದು. 2020ರಲ್ಲಿ ಬಂದ 5.2.4.2 ಮತ್ತು 6.0.2.2 ಭದ್ರತಾ ಆವೃತ್ತಿಗಳಿಂದ ಈ ಮೆಥಡ್ ಬ್ಯಾಕ್‌ಟಿಕ್ ಮತ್ತು ಡಾಲರ್ ಚಿಹ್ನೆಗಳಿಗೂ ಓರೆಗೆರೆ ಹಾಕತೊಡಗಿತು. ಬ್ಯಾಕ್‌ಟಿಕ್‌ಗಳ ನಡುವಿನ ಟೆಂಪ್ಲೇಟ್ ಸ್ಟ್ರಿಂಗ್‌ನಲ್ಲಿ ಈ ಮೆಥಡ್‌ನ ಫಲಿತಾಂಶ ಹಾಕುವವರಿಗೆ ಅಲ್ಲಿ ಕೋಡ್ ನುಸುಳುವ ದಾರಿಯಿತ್ತು, ಅದನ್ನು ಮುಚ್ಚಿದ್ದು. ಜೆ ಒಳಗೆ ಹೋದ ಪಠ್ಯಕ್ಕೆ ಮಾತ್ರ ಇದು ಅನ್ವಯ. ಟೆಂಪ್ಲೇಟಿನಲ್ಲಿ ನೀವೇ ಬರೆದ ಜೆಕ್ವೆರಿಯ ಡಾಲರ್ ಹಾಗೇ ಇರುತ್ತದೆ. ರೂಪಾಯಿ ಚಿಹ್ನೆಗೂ ಏನಾಗುವುದಿಲ್ಲ. ಇಂಥ ಟೆಸ್ಟ್ ಬಿದ್ದರೆ ಟೆಸ್ಟನ್ನೇ ತಿದ್ದಿ. ಓರೆಗೆರೆ ಕಳೆಯಲು ಎಚ್‌ಟಿಎಂಎಲ್ ಸೇಫ್ ಅಥವಾ ರಾ ಬಳಸಿ ಜೆ ಕಿತ್ತುಹಾಕಬೇಡಿ, ರೈತರು ತುಂಬಿದ ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ತುಂಬಿದರೆ ಅದು ಎಲ್ಲರ ಬ್ರೌಸರ್‌ನಲ್ಲೂ ಓಡುತ್ತದೆ.

ಕನ್ನಡ ಹೆಸರು ಹೋಲಿಸುವ ಟೆಸ್ಟ್‌ಗಳಿಗೆ ಇನ್ನೊಂದು ಕಾಟವಿದೆ, ಇದಕ್ಕೂ ರೈಲ್ಸ್‌ಗೂ ಸಂಬಂಧವಿಲ್ಲ. ಪರದೆಯ ಮೇಲೆ ಎರಡೂ ಕಡೆ "ತೊಗರಿ" ಎಂದೇ ಕಾಣುತ್ತದೆ, ಟೆಸ್ಟ್ ಮಾತ್ರ ಹೊಂದುವುದಿಲ್ಲ ಎನ್ನುತ್ತದೆ. ಆಗ ಎರಡೂ ಸ್ಟ್ರಿಂಗ್‌ಗಳ ಉದ್ದ ಕೇಳಿ. ಒಂದು 5, ಇನ್ನೊಂದು 6 ಎಂದರೆ ಕಾರಣ ಸಿಕ್ಕಿತು. "ತೊ" ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. "ಚಿಂಚೋಳಿ"ಯ "ಚೋ" ಕೂಡ ಹೀಗೆಯೇ. ಡೇಟಾ ಬೇರೆ ಬೇರೆ ಕೀಲಿಮಣೆಗಳಿಂದ ಬಂದಿದ್ದರೆ ಎರಡು ರೂಪವೂ ಬೆರೆತಿರುತ್ತವೆ. ರೂಬಿಯ ಯುನಿಕೋಡ್ ನಾರ್ಮಲೈಸ್ ಮೆಥಡ್ ಎರಡನ್ನೂ ಒಂದು ರೂಪಕ್ಕೆ ತರುತ್ತದೆ. ಟೆಸ್ಟ್‌ನಲ್ಲಿ ಮಾತ್ರ ತಿದ್ದಿದರೆ ಸಾಲದು, ಡೇಟಾಬೇಸ್‌ಗೆ ಉಳಿಸುವಾಗಲೇ ಮಾಡಿ. ಇಲ್ಲದಿದ್ದರೆ ಹುಡುಕಾಟದಲ್ಲೂ ಅರ್ಧ ದಾಖಲೆಗಳು ಸಿಗುವುದಿಲ್ಲ.

ಲಕ್ಷಣ: ಟೆಸ್ಟ್ ಹಸಿರು, ಆದರೆ ಬಾಡಿ ಖಾಲಿ

ಇದು ನಿಜವಾದ ಕಳ್ಳ. ಟೆಸ್ಟ್‌ನಲ್ಲಿ ಅಸರ್ಟ್ ರೆಸ್ಪಾನ್ಸ್ ಸಕ್ಸೆಸ್ ಎಂಬ ಒಂದೇ ಸಾಲಿದ್ದರೆ ಇದನ್ನು ಹಿಡಿಯಲು ಆಗುವುದೇ ಇಲ್ಲ.

ರೈಲ್ಸ್ 4ರಲ್ಲಿ ಟೆಂಪ್ಲೇಟ್ ಇಲ್ಲದಿದ್ದರೆ ಮಿಸ್ಸಿಂಗ್‌ಟೆಂಪ್ಲೇಟ್ ಎಂದು ದೊಡ್ಡ ದನಿಯಲ್ಲಿ ಕೂಗುತ್ತಿತ್ತು. 5.0ರಿಂದ ನಡವಳಿಕೆ ಬೇರೆ. ಆ ಆ್ಯಕ್ಷನ್‌ಗೆ ಬೇರೆ ಫಾರ್ಮ್ಯಾಟಿನ ಟೆಂಪ್ಲೇಟ್ ಇದ್ದು ಕೇಳಿದ್ದು ಮಾತ್ರ ಇಲ್ಲದಿದ್ದರೆ ಅನ್‌ನೋನ್‌ಫಾರ್ಮ್ಯಾಟ್ ದೋಷ ಏಳುತ್ತದೆ. ಯಾವ ಟೆಂಪ್ಲೇಟೂ ಇಲ್ಲದೆ, ರಿಕ್ವೆಸ್ಟ್ ಎಕ್ಸ್‌ಎಚ್‌ಆರ್ ಆಗಿದ್ದರೆ ಅಥವಾ ಗೆಟ್ ಅಲ್ಲದಿದ್ದರೆ, ಸುಮ್ಮನೆ 204 (ಒಳಗೇನೂ ಇಲ್ಲದ ಉತ್ತರ) ಕಳಿಸಿಬಿಡುತ್ತದೆ. 204 ಕೂಡ ಇನ್ನೂರರ ಸಾಲಿನದೇ, ಹಾಗಾಗಿ ಸಕ್ಸೆಸ್ ಎಂದೇ ಲೆಕ್ಕ. ಟೆಸ್ಟ್ ಲಾಗ್‌ನಲ್ಲಿ "ನೋ ಟೆಂಪ್ಲೇಟ್ ಫೌಂಡ್" ಎಂದು ಶುರುವಾಗಿ "ರೆಂಡರಿಂಗ್ ಹೆಡ್ ನೋ ಕಂಟೆಂಟ್" ಎಂದು ಮುಗಿಯುವ ಸಾಲು ಹುಡುಕಿ. ಒಂದು ಸಿಕ್ಕರೂ ಆ ಆ್ಯಕ್ಷನ್ ಬಳಕೆದಾರರಿಗೆ ಏನನ್ನೂ ಕೊಡುತ್ತಿಲ್ಲ.

ಟೆಂಪ್ಲೇಟ್ ಕಾಣೆಯಾಗಲು ಕಾರಣಗಳು ಸಾಮಾನ್ಯವಾಗಿ ಸಣ್ಣವು. ಕಡತದ ಹೆಸರಿನಲ್ಲಿ ಅಕ್ಷರ ತಪ್ಪಿರುತ್ತದೆ. ಕಂಟ್ರೋಲರ್ ಬೇರೆ ನೇಮ್‌ಸ್ಪೇಸ್‌ಗೆ ಹೋಗಿದ್ದು ವ್ಯೂ ಫೋಲ್ಡರ್ ಹಳೆಯ ಜಾಗದಲ್ಲೇ ಉಳಿದಿರುತ್ತದೆ. ಟೆಂಪ್ಲೇಟ್ ಕಾಫಿಸ್ಕ್ರಿಪ್ಟ್‌ನಲ್ಲಿದ್ದು, ಅಪ್‌ಗ್ರೇಡ್ ವೇಳೆ "ಇದ್ಯಾಕೆ ಬೇಕು" ಎಂದು ಕಾಫಿ-ರೈಲ್ಸ್ ಜೆಮ್ ತೆಗೆದಿರುತ್ತೀರಿ, ಆಗ ಆ ಕಡತವನ್ನು ಓದುವವರೇ ಇಲ್ಲ.

ಟೆಸ್ಟ್ ಬಿಗಿ ಮಾಡಿ: ಸಕ್ಸೆಸ್ ಬದಲು 200 ಎಂದು ಬರೆಯಿರಿ, ಮೀಡಿಯಾ ಟೈಪ್ ಪರೀಕ್ಷಿಸಿ, ಬಾಡಿಯಲ್ಲಿ ಒಂದು ಗುರುತಿನ ಪದವನ್ನಾದರೂ ಹುಡುಕಿ. ಆ್ಯಪ್‌ನ ಎಲ್ಲ ಜೆಎಸ್ ಟೆಸ್ಟ್‌ಗಳಿಗೂ ಈ ಮೂರು ಸಾಲು ಅಪ್‌ಗ್ರೇಡ್‌ಗೆ ಮುಂಚೆಯೇ, ಹಳೆಯ ಆವೃತ್ತಿಯ ಮೇಲೆಯೇ ಸೇರಿಸಿದರೆ ಮುಂದಿನ ದಾರಿ ಬಹಳ ಹಗುರ.

ಲಕ್ಷಣ: ಅನ್‌ನೋನ್‌ಫಾರ್ಮ್ಯಾಟ್, ಬ್ರೌಸರ್‌ನಲ್ಲಿ 406

ಕೇಳಿದ ಬಗೆಯ ಉತ್ತರ ಆ್ಯಕ್ಷನ್‌ನಲ್ಲಿ ಇಲ್ಲ ಎಂದರ್ಥ. ಟೆಸ್ಟ್‌ನಲ್ಲಿ ಎಕ್ಸ್‌ಎಚ್‌ಆರ್ ಟ್ರೂ ಹಾಕಿದಾಗ ರೈಲ್ಸ್ ತಾನೇ ಒಂದು ಅಕ್ಸೆಪ್ಟ್ ಹೆಡರ್ ತುಂಬುತ್ತದೆ, ಅದರಲ್ಲಿ ಜೆಎಸ್ ಮೊದಲು, ಎಚ್‌ಟಿಎಂಎಲ್ ಆಮೇಲೆ. ಆ್ಯಕ್ಷನ್ ಜೇಸನ್ ಮಾತ್ರ ಕೊಡುವಂತಿದ್ದರೆ ಟೆಸ್ಟ್‌ನಲ್ಲಿ ಫಾರ್ಮ್ಯಾಟನ್ನೂ ಸ್ಪಷ್ಟವಾಗಿ ಹೇಳಿ. ಆ್ಯಸ್ ಜೇಸನ್ ಎಂಬ ಕೀಲಿ ಮುಖ್ಯವಾಗಿ ಕಳಿಸುವ ದತ್ತಾಂಶವನ್ನು ಜೇಸನ್ ಮಾಡಲು ಇರುವುದು, ಅದನ್ನು ಎಕ್ಸ್‌ಎಚ್‌ಆರ್‌ಗೆ ಬದಲಿ ಎಂದು ತಿಳಿಯಬೇಡಿ.

ಜೆಎಸ್ ಟೆಂಪ್ಲೇಟಿನ ಒಳಗಿಂದ ಕರೆದ ಪಾರ್ಷಿಯಲ್ (ಟೆಂಪ್ಲೇಟಿನ ತುಣುಕು) ಸಿಗದೆ ಬಿದ್ದರೆ, ರೆಂಡರ್‌ಗೆ ಫಾರ್ಮ್ಯಾಟ್ಸ್ ಎಚ್‌ಟಿಎಂಎಲ್ ಎಂದು ಸೇರಿಸಿ. ಕಡತದ ಹೆಸರನ್ನು ಡಾಟ್ ಜೆಎಸ್ ಡಾಟ್ ಇಆರ್‌ಬಿ ಸಮೇತ ರೆಂಡರ್‌ಗೆ ಕೊಟ್ಟಿದ್ದರೆ ಬಾಲ ಕತ್ತರಿಸಿ, ಹೆಸರಷ್ಟನ್ನೇ ಬಿಡಿ.

ಲಕ್ಷಣ: ಟೆಸ್ಟ್ ಎಲ್ಲ ಹಸಿರು, ಬ್ರೌಸರ್‌ನಲ್ಲಿ ಒತ್ತಿದರೆ ಏನೂ ಆಗುವುದಿಲ್ಲ

ಇಲ್ಲಿಂದ ಮುಂದೆ ಕೆಲಸ ಕಷ್ಟದ್ದು. ಕಂಟ್ರೋಲರ್ ಟೆಸ್ಟ್ ಜೆಎಸ್ ಉತ್ತರ ಬಂತೇ ಎಂದು ನೋಡುತ್ತದೆಯೇ ಹೊರತು ಅದನ್ನು ಓಡಿಸುವುದಿಲ್ಲ. ಓಡಿಸುವವರು ಬದಲಾಗಿದ್ದರೆ ಅದಕ್ಕೆ ಸುಳಿವೇ ಇರುವುದಿಲ್ಲ. ಬ್ರೌಸರ್‌ನ ಕನ್ಸೋಲ್ ಮತ್ತು ನೆಟ್‌ವರ್ಕ್ ಟ್ಯಾಬ್ ಎರಡನ್ನೂ ತೆರೆದಿಟ್ಟು ನೋಡಿ.

ರಿಕ್ವೆಸ್ಟ್ ಹೊರಡುವುದೇ ಇಲ್ಲ, ಅಥವಾ ಪುಟವೇ ಮರುಲೋಡ್ ಆಗುತ್ತದೆ ಎಂದರೆ ಕೊಂಡಿ, ಫಾರ್ಮ್‌ಗಳಿಗೆ ಹಾಕಿದ ರಿಮೋಟ್ ಟ್ರೂ ಎಂಬುದನ್ನು ಓದುವವರು ಯಾರೂ ಇಲ್ಲ. 5.1ರಲ್ಲಿ ಜೆಕ್ವೆರಿ ಡೀಫಾಲ್ಟ್ ಪಟ್ಟಿಯಿಂದ ಹೋಗಿ ರೈಲ್ಸ್-ಯುಜೆಎಸ್ ಬಂತು. 7.0ರಲ್ಲಿ ಅದರ ಜಾಗಕ್ಕೆ ಟರ್ಬೋ ಎಂಬ ಲೈಬ್ರರಿ ಬಂತು. ಫಾರ್ಮ್ ವಿತ್ ಕೂಡ 5.1ರಲ್ಲಿ ತಾನಾಗಿಯೇ ರಿಮೋಟ್ ಆಗಿತ್ತು, 6.1ರ ಡೀಫಾಲ್ಟ್‌ಗಳಲ್ಲಿ ಅಲ್ಲ.

ರಿಕ್ವೆಸ್ಟ್ ಹೋಗಿ 406 ಬಂದರೆ ಟರ್ಬೋ ಕೆಲಸ ಮಾಡುತ್ತಿದೆ. ಫಾರ್ಮ್ ಸಲ್ಲಿಸುವಾಗ ಟರ್ಬೋ ಕೇಳುವುದು ಟರ್ಬೋ ಸ್ಟ್ರೀಮ್ ಅಥವಾ ಎಚ್‌ಟಿಎಂಎಲ್. ಜೆಎಸ್ ಅದಕ್ಕೆ ಬೇಡ. ಆ್ಯಕ್ಷನ್‌ನಲ್ಲಿ ಜೆಎಸ್ ಕವಲು ಮಾತ್ರ ಇದ್ದರೆ 406 ಬಾರದೆ ಇನ್ನೇನು? ಎಕ್ಸ್‌ಎಚ್‌ಆರ್ ಟ್ರೂ ಇರುವ ಟೆಸ್ಟ್ ಮಾತ್ರ ಇನ್ನೂ ಹಳೆಯ ಕಾಲದ ಹೆಡರ್ ಕಳಿಸಿ ಪಾಸಾಗುತ್ತಲೇ ಇರುತ್ತದೆ. ದಾರಿ ಎರಡು: ಆ ಫಾರ್ಮ್‌ಗೆ ಡೇಟಾ-ಟರ್ಬೋ ಫಾಲ್ಸ್ ಕೊಟ್ಟು ರೈಲ್ಸ್-ಯುಜೆಎಸ್ ಉಳಿಸಿಕೊಳ್ಳುವುದು, ಅಥವಾ ಆ್ಯಕ್ಷನ್ನನ್ನು ಟರ್ಬೋ ಸ್ಟ್ರೀಮ್‌ಗೆ ತಿರುಗಿಸಿ ಟೆಸ್ಟ್‌ನಲ್ಲೂ ಆ್ಯಸ್ ಟರ್ಬೋ ಸ್ಟ್ರೀಮ್ ಎಂದು ಬರೆಯುವುದು. ಗಡುವು ಹತ್ತಿರವಿದ್ದರೆ ಮೊದಲನೆಯದೇ ಜಾಣತನ.

ಕನ್ಸೋಲ್‌ನಲ್ಲಿ "ಫಾರ್ಮ್ ರೆಸ್ಪಾನ್ಸಸ್ ಮಸ್ಟ್ ರೀಡೈರೆಕ್ಟ್" ಎಂದು ಕಂಡರೆ, ಫಾರ್ಮ್ ತಪ್ಪಿದಾಗ ನೀವು 200 ಕೊಡುತ್ತಿದ್ದೀರಿ. ಟರ್ಬೋಗೆ ಅಲ್ಲಿ 422 ಬೇಕು, ಸರಿಯಾದಾಗ 303 ರೀಡೈರೆಕ್ಟ್ ಬೇಕು.

200 ಬಂದು, ಜೆಎಸ್ಸೂ ಸರಿಯಿದ್ದು, "ರೆಫ್ಯೂಸ್ಡ್ ಟು ಎಕ್ಸಿಕ್ಯೂಟ್ ಇನ್‌ಲೈನ್ ಸ್ಕ್ರಿಪ್ಟ್" ಎಂದರೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಸಿಎಸ್‌ಪಿ) ತಡೆದಿದೆ. 5.2ರಿಂದ ಇದಕ್ಕೆ ಇನಿಶಿಯಲೈಜರ್ ಕಡತವಿದೆ. ಲೇಔಟ್‌ನಲ್ಲಿ ಸಿಎಸ್‌ಪಿ ಮೆಟಾ ಟ್ಯಾಗ್ ಇದೆಯೇ, ನಾನ್ಸ್ (ಒಪ್ಪಿದ ಸ್ಕ್ರಿಪ್ಟ್‌ಗೆ ಕೊಡುವ ಗುರುತು) ಹೊಂದಿಸಲಾಗಿದೆಯೇ ನೋಡಿ. ಪಾಲಿಸಿಗೆ ಅನ್‌ಸೇಫ್-ಇನ್‌ಲೈನ್ ಸೇರಿಸಿ ಬಾಯಿ ಮುಚ್ಚಿಸಬೇಡಿ.

ನೆಟ್‌ವರ್ಕ್ ಟ್ಯಾಬ್‌ನಲ್ಲಿ ಲಾಗಿನ್ ಪುಟದ ಎಚ್‌ಟಿಎಂಎಲ್ ಬಂದಿದ್ದರೆ ಸೆಶನ್ ಕಳಚಿದೆ. 7.0ರ ಡೀಫಾಲ್ಟ್‌ಗಳಲ್ಲಿ ಕೀಲಿ ತಯಾರಿಸುವ ಹ್ಯಾಶ್ ಬದಲಾಗುವುದರಿಂದ ಹಳೆಯ ಕುಕಿಗಳನ್ನು ಓದಲು ಆಗುವುದಿಲ್ಲ, ಎಲ್ಲರೂ ಲಾಗೌಟ್ ಆಗುತ್ತಾರೆ. ಟೆಸ್ಟ್‌ನಲ್ಲಿ ಇದು ಕಾಣದು, ಅಲ್ಲಿ ಪ್ರತಿ ಸಲವೂ ಹೊಸ ಕುಕಿ.

ಲಕ್ಷಣ: ಸಿಸ್ಟಮ್ ಟೆಸ್ಟ್ ಒಮ್ಮೆ ಪಾಸು, ಒಮ್ಮೆ ಫೇಲು

ನಿಜವಾದ ಬ್ರೌಸರ್ ಓಡಿಸುವ ಈ ಟೆಸ್ಟ್‌ಗಳಲ್ಲಿ ಕ್ಯಾಪಿಬಾರಾ ಎಂಬ ಜೆಮ್ ಒಂದು ಅಂಶ ಕಾಣಲು ಡೀಫಾಲ್ಟಾಗಿ 2 ಸೆಕೆಂಡ್ ಕಾಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಅದು ಸಾಲದಿರಬಹುದು. ಸ್ಲೀಪ್ ಹಾಕುವ ಬದಲು ಆ ಮಿತಿಯನ್ನು 5ಕ್ಕೆ ಏರಿಸಿ, ಮತ್ತು ಕೋಷ್ಟಕದಲ್ಲಿ ಬರಬೇಕಾದ ಪದವನ್ನೇ ನಿರೀಕ್ಷಿಸಿ. 6.0ರಿಂದ ಹೊಸ ಆ್ಯಪ್‌ಗಳ ಟೆಸ್ಟ್ ಹೆಲ್ಪರ್‌ನಲ್ಲಿ ಬರುವ ಪ್ಯಾರಲಲೈಜ್ ಸಾಲು ನಿಮ್ಮಲ್ಲೂ ಇದ್ದರೆ ಟೆಸ್ಟ್‌ಗಳು ಕೋರ್‌ಗೊಂದರಂತೆ ಸಮಾನಾಂತರವಾಗಿ ಓಡುತ್ತವೆ. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಅಷ್ಟು ಕ್ರೋಮ್‌ಗಳು ಒಟ್ಟಿಗೆ ಎದ್ದರೆ ಉಸಿರು ಕಟ್ಟುತ್ತದೆ. ಪ್ಯಾರಲಲ್ ವರ್ಕರ್ಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ. ಆಗ ಸ್ಥಿರವಾದರೆ ದೋಷ ಬಹುಶಃ ಕೋಡ್‌ನದಲ್ಲ, ಯಂತ್ರದ್ದು.

ಎಲ್ಲಿ ಕೈ ಬಿಟ್ಟು ಇನ್ನೊಬ್ಬರನ್ನು ಕರೆಯಬೇಕು

ಒಂದೇ ಲಕ್ಷಣದ ಮೇಲೆ ಅರ್ಧ ದಿನ ಕಳೆದಿದ್ದರೆ ಹಿಂದಿನ ಆವೃತ್ತಿಯ ಬ್ರಾಂಚಿಗೆ ಮರಳಿ, ಮೂರು ಹೆಡರ್‌ಗಳನ್ನು ಎರಡೂ ಬ್ರಾಂಚ್‌ನಲ್ಲಿ ಬರೆದಿಟ್ಟು, ತಂಡದ ಅನುಭವಿಗಳಿಗೆ ತೋರಿಸಿ. "ಕೆಲಸ ಮಾಡ್ತಿಲ್ಲ" ಎಂದು ಕೇಳುವುದಕ್ಕಿಂತ ಆ ಆರು ಸಾಲು ತೋರಿಸಿದರೆ ಉತ್ತರ ಬೇಗ ಸಿಗುತ್ತದೆ.

ಹಣ ಪಾವತಿಯ ಆ್ಯಕ್ಷನ್‌ಗೆ ವಿನಾಯಿತಿ ಕೊಡಬೇಕು ಅನ್ನಿಸಿದರೆ ನಿಲ್ಲಿ, ಭದ್ರತೆ ಬಲ್ಲವರು ನೋಡದೆ ಅದು ಲೈವ್‌ಗೆ ಹೋಗಬಾರದು. ಯಾವುದೋ ಜೆಮ್ ರೈಲ್ಸ್‌ನ ಒಳ ಮೆಥಡ್‌ಗಳನ್ನೇ ಮೀರಿ ಬರೆದಿರುವುದು ದೋಷದ ಜಾಡಿನಲ್ಲಿ ಕಂಡರೂ ನಿಲ್ಲಿ, ಆ ಜೆಮ್‌ನ ಹೊಸ ಆವೃತ್ತಿಯಿದೆಯೇ ನೋಡುವುದು ಮೊದಲ ಕೆಲಸ. 4.0ರಿಂದ ನೇರ 7ಕ್ಕೆ ಹಾರಿದ್ದರೆ ದೋಷ ಹುಡುಕುವುದನ್ನೇ ಬಿಡಿ. ಹಿಂದೆ ಹೋಗಿ 4.1, 4.2, 5.0 ಎಂದು ಒಂದೊಂದೇ ಮೆಟ್ಟಿಲು ಹತ್ತಿ. 5.1ರಿಂದ ಮುಂದಿನ ಪ್ರತಿ ಮೆಟ್ಟಿಲಲ್ಲೂ ಲೋಡ್ ಡೀಫಾಲ್ಟ್ಸ್ ಸಂಖ್ಯೆಯನ್ನು ಕೊನೆಗೆ ಏರಿಸಿ, ಹೊಸ ಡೀಫಾಲ್ಟ್‌ಗಳ ಕಡತದಲ್ಲಿ ಒಂದೊಂದೇ ಸಾಲು ತೆರೆದು ಟೆಸ್ಟ್ ಓಡಿಸಿ. ಆಗ ಯಾವ ಸಾಲು ಯಾವ ಟೆಸ್ಟನ್ನು ಬೀಳಿಸಿತು ಎಂದು ಕಣ್ಣಿಗೆ ಕಾಣುತ್ತದೆ.

ಲೈವ್ ಸರ್ವರ್‌ನಲ್ಲಿ ಈ ಯಾವ ಪರೀಕ್ಷೆಯನ್ನೂ ಮಾಡಬೇಡಿ. ನಿಜವಾದ ದತ್ತಾಂಶದ ಪ್ರತಿ ತಂದಿದ್ದರೆ ರೈತರ ಫೋನ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಅಳಿಸಿ ಬಳಸಿ. ಡೇಟಾಬೇಸ್ ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಇನ್ನೊಂದು ಯಂತ್ರದಲ್ಲಿ ಒಮ್ಮೆ ವಾಪಸು ತುಂಬಿ ನೋಡಿ. ಧಾರಣೆಯಂಥ ಆ್ಯಪ್ ಆದರೆ ತೊಗರಿ ಆವಕ ಜೋರಾಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆವೃತ್ತಿ ಏರಿಸುವ ಸಾಹಸ ಬೇಡ. ಬೇರೆ ತಿಂಗಳಲ್ಲಾದರೂ ಗಂಜ್ ಮುಚ್ಚಿರುವ ದಿನ ನೋಡಿ ಏರಿಸಿ, ಹಳೆಯ ಆವೃತ್ತಿಗೆ ಮರಳುವ ಕಮಾಂಡನ್ನು ಮುಂಚೆಯೇ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.